ವಿದ್ಯಾರ್ಥಿ ಜೀವನದಲ್ಲಿ ಹಾಸ್ಯ: ಒಂದು ವಿವೇಚನೆ

ವಿದ್ಯಾಲಯವೆಂದೊಡನೆ ನಮ್ಮ ಮನಸ್ಸಿನಲ್ಲಿ ಸುಳಿಯುವುದು ಪಾಠ, ಪರೀಕ್ಷೆ, ಶಿಸ್ತು, ಅಂಕಪಟ್ಟಿ. ಆದರೆ ಶಾಲೆ ಬಿಟ್ಟು ಇಪ್ಪತ್ತು ಮೂವತ್ತು ವರ್ಷ ಕಳೆದ ಹಳೆಯ ವಿದ್ಯಾರ್ಥಿಗಳು ಒಂದೆಡೆ ಕಲೆತಾಗ ಅವರ ಮಾತಿನಲ್ಲಿ ಮೊದಲು ಬರುವುದು ಇವಾವುವೂ ಅಲ್ಲ. ಬೇವಿನ ಮರದ ಕೊಂಬೆಗೆ ತೂಗುಹಾಕಿದ್ದ ರೈಲುಕಂಬಿಯ ಗಂಟೆ, ವಾರ್ಷಿಕೋತ್ಸವದ ನಾಟಕದಲ್ಲಿ ಕಳಚಿಬಿದ್ದ ಗಡ್ಡ, ಹಿಂದಿನ ಬೆಂಚಿನಿಂದ ಬಂದ ತುಂಟ ಉತ್ತರ, ಉಪಾಧ್ಯಾಯರಿಗೆ ಇಟ್ಟ ಅಡ್ಡಹೆಸರು — ಇವೇ ಮೊದಲು ಬರುತ್ತವೆ. ಕಲಿತ ಪಾಠ ಮರೆತರೂ ನಕ್ಕ ನಗೆ ಮರೆಯುವುದಿಲ್ಲ. ಹೀಗಿದ್ದರೂ ಈ ನಗೆಯನ್ನು ಕುರಿತು ನಮ್ಮ ಶಾಲೆಗಳಲ್ಲಿ ವಿಚಾರ ನಡೆಯುವುದು ವಿರಳ. ‘ಹಲ್ಲು ಕಿರಿಯಬೇಡ, ಕುಳಿತುಕೋ’ ಎಂದು ಗದರಿಸುವುದರಲ್ಲಿಯೇ ನಮ್ಮ ವಿಚಾರವೆಲ್ಲ ಮುಗಿದುಹೋಗುತ್ತದೆ.

ಸಣ್ಣ ಊರುಗಳ ಪ್ರೌಢಶಾಲೆಗಳಲ್ಲಿ ಸುಮಾರು ಮೂರು ದಶಕಗಳಿಂದ ಕನ್ನಡ ಪಾಠ ಹೇಳುತ್ತ ಬಂದಿರುವ ನಾನು, ಲಕ್ಷಣಗ್ರಂಥಗಳ ಮಾತನ್ನೂ ತರಗತಿಯ ಅನುಭವವನ್ನೂ ಒಟ್ಟಿಗೆ ಇಟ್ಟುಕೊಂಡು ಈ ವಿಷಯವನ್ನು ಯಥಾಮತಿ ವಿವೇಚಿಸಲು ಇಲ್ಲಿ ಉದ್ಯುಕ್ತನಾಗಿದ್ದೇನೆ. ವಿದ್ಯಾರ್ಥಿಗಳೂ ಪೋಷಕರೂ ವೃತ್ತಿಬಾಂಧವರೂ ಇದನ್ನು ಅವಧರಿಸಬೇಕಾಗಿ ಬಿನ್ನಹ.

ಹಾಸ್ಯರಸದ ಸ್ವರೂಪ

ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಎಂಟು ರಸಗಳನ್ನು ನಿರೂಪಿಸುವಾಗ ಶೃಂಗಾರದ ಅನಂತರ ಹಾಸ್ಯವನ್ನು ಎತ್ತಿಕೊಳ್ಳುತ್ತಾನೆ. ಇದರ ಸ್ಥಾಯಿಭಾವ ಹಾಸ, ವರ್ಣ ಬಿಳುಪು, ಅಧಿದೇವತೆಗಳು ಪ್ರಮಥರು. ತಾನೇ ನಗುವುದು ಆತ್ಮಸ್ಥ, ಪರರನ್ನು ನಗಿಸುವುದು ಪರಸ್ಥ ಎಂದು ಮೊದಲು ಎರಡು ಬಗೆ ಮಾಡಿ, ಆ ಬಳಿಕ ನಗೆಯನ್ನು ಆರು ಮೆಟ್ಟಿಲುಗಳಾಗಿ ವಿಂಗಡಿಸುತ್ತಾನೆ. ಕೆನ್ನೆ ಕೊಂಚ ಅರಳಿ ಹಲ್ಲು ಕಾಣದಿರುವುದು ಸ್ಮಿತ. ಹಲ್ಲು ತುಸುವೇ ಕಂಡು ಮುಖವೂ ಕಣ್ಣೂ ಅರಳುವುದು ಹಸಿತ. ಇವೆರಡೂ ಉತ್ತಮರ ನಗೆ. ಇಂಪಾದ ಸದ್ದಿನಿಂದ ಕೂಡಿ ಸಮಯಕ್ಕೆ ತಕ್ಕಂತಿರುವುದು ವಿಹಸಿತ; ಮೂಗಿನ ಹೊಳ್ಳೆ ಅರಳಿ, ನೋಟ ಓರೆಯಾಗಿ, ಹೆಗಲೂ ತಲೆಯೂ ಬಾಗುವುದು ಉಪಹಸಿತ. ಇವು ಮಧ್ಯಮರವು. ಸಲ್ಲದ ವೇಳೆಯಲ್ಲಿ ಕಣ್ಣೀರು ಬರುವಂತೆ ಮೈ ಕುಲುಕಿ ನಗುವುದು ಅಪಹಸಿತ. ಪಕ್ಕೆಗಳನ್ನು ಕೈಯಿಂದ ಒತ್ತಿ ಹಿಡಿದು ಕರ್ಕಶವಾಗಿ ಅಬ್ಬರಿಸುವುದು ಅತಿಹಸಿತ. ಇವು ಅಧಮರವು.

ಲಕ್ಷಣಕಾರನು ಇದನ್ನು ಪಾತ್ರಗಳ ಪ್ರಕೃತಿಗೆ ಅನುಸಾರವಾಗಿ ಹೇಳಿದ್ದಾನೆ. ತರಗತಿಯಲ್ಲಾದರೋ ಒಬ್ಬನೇ ಹುಡುಗನು, ಅಷ್ಟೇಕೆ, ಒಬ್ಬನೇ ಉಪಾಧ್ಯಾಯನು, ಒಂದು ಹಗಲಿನಲ್ಲಿಯೇ ಈ ಆರೂ ಮೆಟ್ಟಿಲುಗಳನ್ನು ಹತ್ತಿ ಇಳಿಯುವುದುಂಟು.

ನಗೆಗೆ ಕಾರಣವಾಗುವ ವಿಭಾವಗಳನ್ನೂ ಭರತನು ಎಣಿಸಿದ್ದಾನೆ. ವಿಕೃತವಾದ ವೇಷ ಮತ್ತು ಅಲಂಕಾರ, ದಾರ್ಷ್ಟ್ಯ, ಆಸೆಬುರುಕತನ, ಅಸಂಬದ್ಧ ಪ್ರಲಾಪ ಇತ್ಯಾದಿಗಳ ಜೊತೆಗೆ ‘ವ್ಯಂಗದರ್ಶನ’ ಮತ್ತು ‘ದೋಷೋದಾಹರಣ’ ಎಂಬ ಎರಡು ಮಾತುಗಳಿವೆ. ಅಂಗಹೀನತೆಯನ್ನು ಕಾಣುವುದು ಮೊದಲನೆಯದು, ತಪ್ಪನ್ನು ಎತ್ತಿ ಆಡುವುದು ಎರಡನೆಯದು. ಇಲ್ಲಿ ಒಂದು ಎಚ್ಚರ ಅಗತ್ಯ. ಲೋಕದಲ್ಲಿ ನಗೆಯು ಯಾವುದರಿಂದ ಹುಟ್ಟುತ್ತದೆಂಬುದನ್ನು ಶಾಸ್ತ್ರ ಹೇಳಿತೇ ಹೊರತು, ಇವನ್ನು ಕಂಡು ನಗಬೇಕೆಂದು ವಿಧಿಸಲಿಲ್ಲ. ಕುಂಟುವವನನ್ನು ಕಂಡು ನಗೆ ಬರಬಹುದು. ನಗುವುದು ಬಿಡುವುದು ನಮ್ಮ ಸಂಸ್ಕಾರಕ್ಕೆ ಸೇರಿದ್ದು. ಪ್ರಸ್ತುತ ಲೇಖನದ ತಿರುಳು ಇಷ್ಟರಲ್ಲಿಯೇ ಇದೆ.

ತರಗತಿಯ ತಿಳಿಹಾಸ್ಯ

ವ್ಯಾಕರಣವು ಕಬ್ಬಿಣದ ಕಡಲೆಯೆಂಬುದು ಲೋಕಪ್ರಸಿದ್ಧ. ಆ ಕಡಲೆಯನ್ನು ಹುರಿದು ತಿನ್ನುವ ಜಾಣರೂ ವಿದ್ಯಾರ್ಥಿಗಳಲ್ಲಿ ಇದ್ದಾರೆ. ಒಮ್ಮೆ ಒಂಬತ್ತನೆಯ ತರಗತಿಯಲ್ಲಿ ಲೋಪ, ಆಗಮ, ಆದೇಶವೆಂಬ ಮೂರು ಕನ್ನಡ ಸಂಧಿಗಳ ಪಾಠ ಮುಗಿಸಿ, ಉದಾಹರಣೆ ಹೇಳಿರೆಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ವಿನಯದಿಂದ ಹೇಳಿದ: “ಸಾರ್, ನಿನ್ನೆ ನಾನು ಶಾಲೆಗೆ ಬರಲಿಲ್ಲ, ಅದು ಲೋಪ. ಇವತ್ತು ಗಂಟೆ ಹೊಡೆದ ಮೇಲೆ ನಡುವೆ ಬಂದು ಸೇರಿಕೊಂಡೆ, ಅದು ಆಗಮ. ನಿನ್ನೆ ಹಾಜರಿ ಕರೆದಾಗ ನನ್ನ ಬದಲು ಇವನು ಕೂಗಿದನಲ್ಲ, ಅದು ಆದೇಶ.” ಪಕ್ಕದಲ್ಲಿದ್ದ ಗೆಳೆಯನ ಮುಖ ಆಗ ಯಾವ ಸಂಧಿಗೂ ಸೇರದಂತಾಯಿತು. ಇರುವುದು ಹೋಗುವುದು, ಇಲ್ಲದ್ದು ಬರುವುದು, ಒಂದರ ಸ್ಥಾನಕ್ಕೆ ಇನ್ನೊಂದು ಬರುವುದು — ಮೂರು ಲಕ್ಷಣಗಳನ್ನೂ ಆ ಹುಡುಗ ನನಗಿಂತ ಸ್ಪಷ್ಟವಾಗಿ ತಿಳಿಸಿದ್ದನು. ಹಾಜರಿಯನ್ನು ತಿದ್ದಿದೆ, ಉತ್ತರವನ್ನು ತಿದ್ದಲಿಲ್ಲ.

ಛಂದಸ್ಸಿನ ಪಾಠದಲ್ಲಿ ಗುರು ಲಘುಗಳನ್ನು ಗುರುತಿಸಿರೆಂದಾಗ, “ಈ ಕೊಠಡಿಯಲ್ಲಿ ಗುರು ಒಂದೇ, ಮಿಕ್ಕ ನಲವತ್ತೂ ಲಘು” ಎಂದವನೊಬ್ಬ. ‘ಕಂಗೆಡು’ ಎಂಬ ಶಬ್ದವನ್ನು ಸ್ವಂತ ವಾಕ್ಯದಲ್ಲಿ ಪ್ರಯೋಗಿಸೆಂದು ಪ್ರಶ್ನೆಪತ್ರಿಕೆಯಲ್ಲಿ ಕೇಳಿದ್ದಕ್ಕೆ, “ಪ್ರಶ್ನೆಪತ್ರಿಕೆಯಲ್ಲಿ ಈ ಶಬ್ದವನ್ನು ಕಂಡು ನಾನು ಕಂಗೆಟ್ಟೆನು” ಎಂದು ಬರೆದವಳೊಬ್ಬಳು. ಅರ್ಥವೂ ಸರಿ, ಪ್ರಯೋಗವೂ ಸರಿ. ಪೂರ್ಣಾಂಕ ಕೊಡದೆ ನಿರ್ವಾಹವಿರಲಿಲ್ಲ. ವಾರ್ಷಿಕೋತ್ಸವದ ನಾಟಕದಲ್ಲಿ ವಿಶ್ವಾಮಿತ್ರನ ಗಡ್ಡ ಕಳಚಿ ಬಿದ್ದಾಗ ಆ ಪಾತ್ರಧಾರಿಯು ಎದೆಗುಂದದೆ ಅದನ್ನು ಕೈಗೆತ್ತಿಕೊಂಡು, “ಎಲೈ ರಾಜನೇ, ನನ್ನ ತಪೋಜ್ವಾಲೆಗೆ ನನ್ನ ಗಡ್ಡವೇ ನಿಲ್ಲಲಿಲ್ಲ, ಇನ್ನು ನಿನ್ನ ರಾಜ್ಯ ನಿಂತೀತೆ!” ಎಂದು ಗರ್ಜಿಸಿದ್ದನ್ನು ಊರವರು ಬಹುಕಾಲ ನೆನೆಯುತ್ತಿದ್ದರು.

ಅಡ್ಡಹೆಸರಿನ ವಿಷಯವನ್ನೂ ಬಿಡುವಂತಿಲ್ಲ. ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿಕೊಂಡು ಓದಿಸುವುದು ನನ್ನ ಅಭ್ಯಾಸ. ಒಂದು ದಿನ ಕರಿಹಲಗೆಯ ಮೂಲೆಯಲ್ಲಿ ‘ನಾಲ್ಗಣ್ಣ’ ಎಂದು ಬರೆದಿತ್ತು. ಕೋಪ ಬಂದುದು ನಿಜ. ಆದರೆ ನೋಡುತ್ತ ನೋಡುತ್ತ, ನಾಲ್ಕು ಕಣ್ಣುಳ್ಳವನು ಯಾವನೋ ಅವನು ನಾಲ್ಗಣ್ಣ, ಮುಕ್ಕಣ್ಣನಂತೆ ಬಹುವ್ರೀಹಿ ಸಮಾಸ. ಉತ್ತರಪದದ ಕಕಾರಕ್ಕೆ ಗಕಾರ ಆದೇಶ. ಎಲ್ಲವೂ ಶಾಸ್ತ್ರಶುದ್ಧವಾಗಿದೆಯೆಂದು ಕಂಡಿತು. ಕೋಪಿಸಲು ಬಂದವನು ವ್ಯಾಕರಣಕ್ಕೆ ಸೋತೆ. ಅಂದಿನ ಸಮಾಸಪಾಠಕ್ಕೆ ಅದೇ ಉದಾಹರಣೆಯಾಯಿತು.

ಈ ಎಲ್ಲ ಪ್ರಸಂಗಗಳಲ್ಲಿಯೂ ಒಂದು ಸಮಾನಾಂಶವಿದೆ. ನಕ್ಕವರು ಕಿರಿಯರು, ನಗೆಗೆ ಗುರಿಯಾದದ್ದು ತಮಗಿಂತ ಬಲವಾದುದು, ಅಥವಾ ತಾವೇ. ವ್ಯಾಕರಣ, ಪರೀಕ್ಷೆ, ಪಂಡಿತರು, ತಮ್ಮದೇ ಕಳಚಿದ ಗಡ್ಡ! ಇಂಥ ನಗೆಯಿಂದ ಯಾರಿಗೂ ನಷ್ಟವಿಲ್ಲ.

ಮುದ್ದಣನ ಮಾದರಿ

ಉಪಾಧ್ಯಾಯನಾದವನು ತನ್ನನ್ನೇ ನೋಡಿ ನಗಬಲ್ಲನೆಂಬುದಕ್ಕೆ ಕನ್ನಡದಲ್ಲಿ ಸೊಗಸಾದ ನಿದರ್ಶನವಿದೆ. ಮುದ್ದಣನೆಂಬ ಕಾವ್ಯನಾಮದ ನಂದಳಿಕೆಯ ಲಕ್ಷ್ಮೀನಾರಣಪ್ಪನವರು (1870–1901) ಶಾಲೆಯಲ್ಲಿ ವ್ಯಾಯಾಮ ಶಿಕ್ಷಕರಾಗಿಯೂ ಕನ್ನಡ ಪಂಡಿತರಾಗಿಯೂ ಬಡತನದಲ್ಲಿ ಬಾಳಿದವರು. ಅವರ ‘ಶ್ರೀರಾಮಾಶ್ವಮೇಧ’ದಲ್ಲಿ ಕಥೆ ಹೇಳುವವನು ಮುದ್ದಣ, ಕೇಳುವವಳು ಮಡದಿ ಮನೋರಮೆ. ಕವಿಯು ಸಂಸ್ಕೃತಭೂಯಿಷ್ಠವಾಗಿ ಮಾತು ಹೆಣೆಯತೊಡಗಿದೊಡನೆ ಆಕೆ ತಡೆಯುತ್ತಾಳೆ, ಛೇಡಿಸುತ್ತಾಳೆ, ತಿಳಿಗನ್ನಡವನ್ನು ಬೇಡುತ್ತಾಳೆ. ಕವಿ ಸೋತು ಒಪ್ಪುತ್ತಾನೆ. ಮುದ್ದಣನನ್ನು ಅಣಕಿಸುವ ಆ ಮಾತುಗಳನ್ನೆಲ್ಲ ಬರೆದವನು ಮುದ್ದಣನೇ ಎಂಬುದನ್ನು ಮರೆಯಲಾಗದು. ತರಗತಿಯಲ್ಲಿ ಒಬ್ಬ ಮನೋರಮೆಯಾದರೂ ಇರಬೇಕು. ಆಕೆಯ ಮಾತಿಗೆ ನಗಬಲ್ಲ ಉಪಾಧ್ಯಾಯನೂ ಇರಬೇಕು. ನಮ್ಮ ಕಾಲಕ್ಕೆ ಸಮೀಪವಾಗಿ ರಾಶಿಯವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಮಾಸಪತ್ರಿಕೆಯೂ, ಬೀಚಿಯವರ ತಿಂಮನೂ ಈ ತಿಳಿಹಾಸ್ಯವನ್ನು ಮನೆಮನೆಗೆ ಮುಟ್ಟಿಸಿದರು.

ಹ ಮತ್ತು ಅ

ಇಷ್ಟು ಹೇಳಿದ ಮೇಲೆ ನನ್ನದೇ ಒಂದು ತಪ್ಪನ್ನು ಹೇಳದಿದ್ದರೆ ಈ ವಿವೇಚನೆ ಅಪೂರ್ಣವಾದೀತು.

ನಾನು ವೃತ್ತಿಗೆ ಸೇರಿದ ಹೊಸತು. ರಾಘವಾಂಕನ ಹರಿಶ್ಚಂದ್ರಕಾವ್ಯದಿಂದ ಆಯ್ದ ಭಾಗವೊಂದರ ಪಾಠ. ಮೂರು ಮೈಲಿ ದೂರದ ಹಳ್ಳಿಯಿಂದ ನಡೆದು ಬರುತ್ತಿದ್ದ ಹುಡುಗನೊಬ್ಬನನ್ನು ಎಬ್ಬಿಸಿ ಗಟ್ಟಿಯಾಗಿ ಓದೆಂದೆ. ಧ್ವನಿ ಗಂಭೀರವಾಗಿತ್ತು, ಷಟ್ಪದಿಯ ನಡೆಯನ್ನು ಅವನ ಕಿವಿ ತಾನಾಗಿಯೇ ಹಿಡಿದಿತ್ತು. ಆದರೆ ಹರಿಶ್ಚಂದ್ರನೆಂಬಲ್ಲಿ ‘ಅರಿಶ್ಚಂದ್ರ’ ಎಂದ. ಎಲ್ಲಿಯೋ ಒಬ್ಬ ಕಿಸಕ್ಕೆಂದ. ಆಗ ನಾನು ಸುಮ್ಮನಿರಬಹುದಾಗಿತ್ತು. ನನ್ನ ಪಾಂಡಿತ್ಯ ಸುಮ್ಮನಿರಗೊಡಲಿಲ್ಲ. “ಅಯ್ಯಾ, ಅರಿ ಎಂದರೆ ಶತ್ರು. ಹರಿಯನ್ನೇ ಅರಿಯಾಗಿ ಮಾಡಿಬಿಟ್ಟೆಯಲ್ಲ!” ಎಂದೆ. ತರಗತಿಯೆಲ್ಲ ಪಕ್ಕೆ ಹಿಡಿದು ನಕ್ಕಿತು. ಭರತನು ಹೇಳಿದ ಅತಿಹಸಿತದ ಲಕ್ಷಣಗಳೆಲ್ಲ ಅಲ್ಲಿದ್ದವು. ಅದಕ್ಕೆ ಸೂತ್ರಧಾರನು ನಾನು. ನನ್ನ ಚಮತ್ಕಾರಕ್ಕೆ ನಾನೇ ಹಿಗ್ಗಿದೆನೆಂಬುದನ್ನೂ ಮುಚ್ಚಿಡಲಾರೆ.

ಅಂದಿನಿಂದ ಆ ಹುಡುಗನಿಗೆ ‘ಅರಿ’ ಎಂಬ ಹೆಸರು ಅಂಟಿಕೊಂಡಿತು. ಓದುವ ಸರದಿ ಬಂದಾಗಲೆಲ್ಲ ಅವನಿಗೆ ಗಂಟಲುನೋವು. ಎರಡು ವರ್ಷ ಅವನ ದನಿ ನನ್ನ ತರಗತಿಯಲ್ಲಿ ಮತ್ತೆ ಕೇಳಿಸಲಿಲ್ಲ. ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿ ಹೋದನು. ನಾನು ಮರೆತೆ.

ಇದರಲ್ಲಿ ಕ್ಷಮಿಸಲಾಗದ ಅಂಶವೊಂದಿದೆ. ಅವನ ನಾಲಗೆಯ ಆ ವ್ಯತ್ಯಾಸವೇನೆಂಬುದು ನನಗೆ ತಿಳಿಯದೆ ಇರಲಿಲ್ಲ. ಹಳಗನ್ನಡದ ಪಾಲ್, ಪುಲಿ, ಪೂ ಎಂಬ ಶಬ್ದಗಳು ಕಾಲಕ್ರಮದಲ್ಲಿ ಹಾಲು, ಹುಲಿ, ಹೂವು ಎಂದಾದುವೆಂಬುದನ್ನು ನಾನೇ ಪಾಠ ಹೇಳುತ್ತಿದ್ದೆ. ಆದಿಯ ಪಕಾರ ಸವೆದು ಹಕಾರವಾಯಿತು; ಹಲವು ಆಡುನುಡಿಗಳಲ್ಲಿ ಆ ಹಕಾರವೂ ಸವೆದು ‘ಆಲು’, ‘ಉಲಿ’, ‘ಊವು’ ಎಂದಾಯಿತು. ಹಕಾರವನ್ನೇ ಬಿಟ್ಟ ಆ ನಾಲಗೆಯು ಸಂಸ್ಕೃತದಿಂದ ಬಂದ ಶಬ್ದಗಳಲ್ಲಿಯೂ ಅದನ್ನು ಬಿಡುತ್ತದೆ. ಪಾಲು ಹಾಲಾದುದನ್ನು ‘ಭಾಷೆಯ ಬೆಳವಣಿಗೆ’ ಎಂದು ಕರೆದೆ. ಹಾಲು ಆಲಾದುದನ್ನು ‘ತಪ್ಪು’ ಎಂದು ನಕ್ಕೆ. ಗ್ರಂಥದಲ್ಲಿ ಬರೆಯುವಾಗ ಹಕಾರವೇ ಬೇಕು, ಅದನ್ನು ಕಲಿಸಲೇಬೇಕು, ಅದರಲ್ಲಿ ಸಂದೇಹವಿಲ್ಲ. ಆದರೆ ತಾಯಿಯಿಂದ ಬಂದ ನುಡಿಯನ್ನು ನಗೆಪಾಟಲು ಮಾಡಿ ಕಲಿಸಬೇಕಾಗಿರಲಿಲ್ಲ.

ಹಲವು ವರ್ಷಗಳ ಮೇಲೆ, ಎಂಟನೆಯ ತರಗತಿಗೆ ಮಕ್ಕಳನ್ನು ಸೇರಿಸಿಕೊಳ್ಳುವ ದಿನ, ಒಬ್ಬ ಗೃಹಸ್ಥರು ಮಗಳ ಕೈಹಿಡಿದು ನನ್ನ ಮೇಜಿನ ಮುಂದೆ ಬಂದು ನಿಂತರು. ಹಿಟ್ಟಿನ ಗಿರಣಿ ನಡೆಸುತ್ತಿರುವರಂತೆ. ಅಂಗಿಯ ಮೇಲೆ ಹಿಟ್ಟಿನ ಬಿಳುಪು ಇನ್ನೂ ಇತ್ತು. ಗುರುತು ಹತ್ತಲು ಕೊಂಚ ಹೊತ್ತು ಹಿಡಿಯಿತು. ಮಾತೆಲ್ಲ ಮುಗಿದು ಹೊರಡುವಾಗ ಅವರು ತಗ್ಗಿದ ದನಿಯಲ್ಲಿ ಹೇಳಿದರು: “ಮೇಷ್ಟ್ರೇ, ಮಗೀಗೆ ಎದ್ದು ನಿಂತು ಓದೋಕೆ ಏಳಿ. ಆದ್ರೆ ನಗಬ್ಯಾಡಿ.”

ಆಕ್ಷೇಪಣೆಯ ದನಿ ಅದಾಗಿರಲಿಲ್ಲ, ಬೇಡಿಕೆಯ ದನಿ. ಅದಕ್ಕೆ ಉತ್ತರ ಕೊಡಲು ನನ್ನಲ್ಲಿ ಯಾವ ಚಮತ್ಕಾರವೂ ಒದಗಲಿಲ್ಲ.

ಆ ವರ್ಷದಿಂದ ಎಂಟನೆಯ ತರಗತಿಯ ಮೊದಲ ಪಾಠದ ದಿನ ಕರಿಹಲಗೆಯ ಮೇಲೆ ‘ಪಾಲು – ಹಾಲು – ಆಲು’ ಎಂದು ಬರೆದು ಮೂರರ ಕಥೆಯನ್ನೂ ಹೇಳುವುದನ್ನು ರೂಢಿಮಾಡಿಕೊಂಡಿದ್ದೇನೆ. ಮೊದಲ ಸಲ ಹೀಗೆ ಹೇಳಿದಾಗ ಮುಂದಿನ ಸಾಲಿನ ಹುಡುಗನೊಬ್ಬ ಎದ್ದು, “ಹಾಗಾದರೆ ನಮ್ಮಜ್ಜಿ ತಪ್ಪು ಮಾತಾಡ್ತಿಲ್ಲ ಸಾರ್, ನಮಗಿಂತ ಮುಂದೆ ಹೋಗಿದ್ದಾಳೆ!” ಎಂದ. ಎಲ್ಲರೂ ನಕ್ಕರು. ಆ ಹೆಣ್ಣುಮಗಳೂ ನಕ್ಕಳು. ಅನಂತರ ಓದಿದಳು. ತಂದೆಯ ಧ್ವನಿಯೇ ಅದು.

ಉಪಸಂಹಾರ

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕಿನ 2009ರ ಕಾಯ್ದೆಯು ತನ್ನ 17ನೆಯ ಪ್ರಕರಣದಲ್ಲಿ ದೈಹಿಕ ಶಿಕ್ಷೆಯನ್ನು ಮಾತ್ರವಲ್ಲದೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬೆತ್ತದ ಬಾಸುಂಡೆ ಕಣ್ಣಿಗೆ ಕಾಣುತ್ತದೆ, ವಾರದಲ್ಲಿ ಮಾಯುತ್ತದೆ. ನಗೆಯ ಬಾಸುಂಡೆ ಕಾಣುವುದೂ ಇಲ್ಲ, ಮಾಯುವುದೂ ಇಲ್ಲ. ಹಿಂದೆ ತರಗತಿಯ ನಗೆ ನಾಲ್ಕು ಗೋಡೆಗಳ ಒಳಗೆ ಉಳಿಯುತ್ತಿತ್ತು; ಇಂದು ಒಬ್ಬ ಹುಡುಗ ತೊದಲಿದ್ದು ಮೊಬೈಲಿನಲ್ಲಿ ಚಿತ್ರವಾಗಿ ಸಂಜೆಯೊಳಗೆ ಊರನ್ನೆಲ್ಲ ಸುತ್ತಿಬರಬಲ್ಲುದು. ಆದಕಾರಣ ಈ ವಿವೇಕ ಹಿಂದಿಗಿಂತಲೂ ಇಂದು ಹೆಚ್ಚು ಅಗತ್ಯ.

ಹಾಗೆಂದು ಶಾಲೆಯಿಂದ ನಗೆಯನ್ನು ಅಟ್ಟಬೇಕೆಂದು ನನ್ನ ಅಭಿಪ್ರಾಯವಲ್ಲ. ನಗೆಯಿಲ್ಲದ ಶಾಲೆ ನೀರಿಲ್ಲದ ಕೆರೆ. ವಿದ್ಯಾರ್ಥಿಗಳೇ, ನಗಿರಿ. ವ್ಯಾಕರಣವನ್ನು ಕುರಿತು ನಗಿರಿ, ಪರೀಕ್ಷೆಯನ್ನು ಕುರಿತು ನಗಿರಿ, ನಾಲ್ಗಣ್ಣರಾದ ನಮ್ಮನ್ನು ಕುರಿತೂ ಧಾರಾಳವಾಗಿ ನಗಿರಿ. ಆದರೆ ನಗುವ ಮುನ್ನ ಒಮ್ಮೆ ಪಕ್ಕಕ್ಕೆ ತಿರುಗಿ ನೋಡಿರಿ. ಯಾರನ್ನು ಕುರಿತು ನಗುತ್ತಿರುವಿರೋ ಅವನೂ ನಿಮ್ಮೊಡನೆ ನಗುತ್ತಿದ್ದಾನೆಯೆ? ನಗುತ್ತಿದ್ದರೆ ಅದು ಹಾಸ್ಯ. ಅವನೊಬ್ಬನು ತಲೆತಗ್ಗಿಸಿದ್ದರೆ ಅದಕ್ಕೆ ಬೇರೆ ಹೆಸರಿದೆ. ಉಪಾಧ್ಯಾಯ ಬಾಂಧವರಲ್ಲಿ ನನ್ನ ವಿಜ್ಞಾಪನೆಯಾದರೂ ಇದೇ.

ಆ ತಂದೆಗೆ ಅವರ ಎರಡು ವರ್ಷಗಳ ಓದನ್ನು ನಾನು ಹಿಂದಿರುಗಿಸಲಾರೆ. ಮುಂದಿನವರಿಗಾದರೂ ಅದು ತಪ್ಪದಿರಲಿ ಎಂಬ ಹಂಬಲದಿಂದ ಈ ನಾಲ್ಕು ಮಾತುಗಳನ್ನು ಈ ಸಂಚಿಕೆಯ ಮಡಿಲಿಗೆ ಹಾಕಿದ್ದೇನೆ.