ಸಹಿ ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆ

ತಮ್ಮಾ, ಕಸಿಯಾದ ಲಿವರಿಗೆ ಬಯಾಪ್ಸಿ ಬೇಕು ಎಂದು ಡಾಕ್ಟರು ಹೇಳಿದ ಮೇಲೆ ನಿಮ್ಮ ಮನೆಯಲ್ಲಿ ಎರಡು ಪಕ್ಷವಾಗಿದೆಯಂತೆ. ‘ಅಷ್ಟು ದೊಡ್ಡ ಆಪರೇಷನ್ ದಾಟಿ ಬಂದವನಿಗೆ ಒಂದು ಸೂಜಿ ಯಾವ ಲೆಕ್ಕ’ ಎಂದು ಒಬ್ಬರು. ‘ಚೆನ್ನಾಗಿ ಓಡಾಡಿಕೊಂಡಿರುವವನಿಗೆ ಸುಮ್ಮನೆ ಯಾಕೆ ಚುಚ್ಚಿಸಬೇಕು’ ಎಂದು ಇನ್ನೊಬ್ಬರು. ಎರಡರಲ್ಲೂ ಅರ್ಧ ನಿಜವಿದೆ. ಒಪ್ಪಿಗೆ ಪತ್ರ ನಿನ್ನ ಮುಂದೆ ಬಂದಾಗ ನೀನು ಒಂದು ಪ್ರಶ್ನೆ ಕೇಳು: ‘ಇದರ ರಿಪೋರ್ಟ್ ಬಂದ ಮೇಲೆ ನನ್ನ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?’ ಬದಲಾಗುವುದಿದ್ದರೆ ಸೂಜಿಗೆ ಹೆದರಬೇಡ. ಏನೂ ಬದಲಾಗದು ಎಂದಾದರೆ ಅವಸರ ಬೇಡ. ಮಿಕ್ಕಿದ್ದೆಲ್ಲ ಈ ಪ್ರಶ್ನೆಯ ಸುತ್ತಲಿನ ಮಾತು.

ಬಯಾಪ್ಸಿ ಅಂದ ಕೂಡಲೇ ನಮ್ಮ ಕಡೆ ಕ್ಯಾನ್ಸರ್ ಎಂದುಕೊಳ್ಳುತ್ತಾರೆ. ಕಸಿಯಾದವರಲ್ಲಿ ಸಾಮಾನ್ಯವಾಗಿ ಹುಡುಕುವುದು ಬೇರೆಯದನ್ನೇ. ನಿನ್ನ ರಕ್ತಪರೀಕ್ಷೆಯಲ್ಲಿ ಎಸ್‌ಜಿಪಿಟಿ, ಎಸ್‌ಜಿಒಟಿ ಏರಿವೆ. ಲಿವರಿಗೆ ಏನೋ ತೊಂದರೆಯಾಗುತ್ತಿದೆ ಎಂದಷ್ಟೇ ಆ ಅಂಕಿಗಳು ಹೇಳುತ್ತವೆ, ಯಾರಿಂದ ಎಂದು ಹೇಳುವುದಿಲ್ಲ. ನಿನ್ನದೇ ರೋಗನಿರೋಧಕ ಕಣಗಳು ಹೊಸ ಲಿವರಿನ ಮೇಲೆ ಏರಿಹೋಗಿರಬಹುದು; ಅದು ರಿಜೆಕ್ಷನ್. ಸಿಎಂವಿಯಂಥ ವೈರಸ್ ಹೊಕ್ಕಿರಬಹುದು. ಯಾವುದೋ ಔಷಧಿ ಒಗ್ಗದೆ ಹೋಗಿರಬಹುದು. ಪಿತ್ತನಾಳ ಕಿರಿದಾಗಿರಬಹುದು. ಹಳೆಯ ಕಾಯಿಲೆಯೇ ಹೊಸ ಲಿವರಿಗೂ ಬಂದಿರಬಹುದು.

ಕಷ್ಟವಿರುವುದು ಇಲ್ಲಿ: ಇವುಗಳ ಮದ್ದು ಒಂದಕ್ಕೊಂದು ತಿರುವುಮುರುವು. ರಿಜೆಕ್ಷನ್ ಆದರೆ ರೋಗನಿರೋಧಕ ಶಕ್ತಿಯನ್ನು ಇನ್ನಷ್ಟು ತಗ್ಗಿಸಬೇಕು. ಹಗುರವಾಗಿದ್ದರೆ ಆ ಶಕ್ತಿ ತಗ್ಗಿಸುವ ಟ್ಯಾಕ್ರೊಲಿಮಸ್ ಮಾತ್ರೆಯ ಪ್ರಮಾಣ ಏರಿಸುತ್ತಾರೆ, ಜೋರಾಗಿದ್ದರೆ ರಕ್ತನಾಳದ ಮೂಲಕ ಕೆಲವು ದಿನ ಸ್ಟೀರಾಯ್ಡ್ ಕೊಡುತ್ತಾರೆ. ಸೋಂಕಾದರೆ ಅದೇ ಶಕ್ತಿಗೆ ಸ್ವಲ್ಪ ಜೀವ ಬರಲೆಂದು ಮಾತ್ರೆಗಳನ್ನು ಇಳಿಸಬೇಕಾಗುತ್ತದೆ. ಸೋಂಕಿರುವವನಿಗೆ ರಿಜೆಕ್ಷನ್ ಎಂದು ಊಹಿಸಿ ಸ್ಟೀರಾಯ್ಡ್ ಏರಿಸಿದರೆ ಸೋಂಕಿಗೆ ಬಾಗಿಲು ತೆರೆದುಕೊಟ್ಟಂತೆ. ರಿಜೆಕ್ಷನ್ ಇರುವವನಿಗೆ ಮಾತ್ರೆ ಇಳಿಸಿದರೆ ಲಿವರೇ ಕೈಬಿಟ್ಟೀತು. ಹಾಗಾಗಿ ಸೂಜಿಯ ಅಪಾಯವನ್ನು ತೂಗುವಾಗ ತಕ್ಕಡಿಯ ಇನ್ನೊಂದು ತಟ್ಟೆ ಖಾಲಿ ಎಂದು ತಿಳಿಯಬೇಡ. ಅಲ್ಲಿ ಊಹೆಯ ಮೇಲೆ ನಡೆಯುವ ಚಿಕಿತ್ಸೆಯ ಅಪಾಯ ಕೂತಿರುತ್ತದೆ.

ಆದರೂ ಸೂಜಿ ಮೊದಲ ಹೆಜ್ಜೆಯಲ್ಲ. ಡಾಪ್ಲರ್ ಸ್ಕ್ಯಾನ್‌ನಲ್ಲಿ ಲಿವರಿನ ರಕ್ತನಾಳಗಳು ಸರಿಯಿವೆಯೇ ಎಂದು ನೋಡಬೇಕು. ಪಿತ್ತನಾಳದ ಮೇಲೆ ಅನುಮಾನವಿದ್ದರೆ ಎಂಆರ್‌ಸಿಪಿ ಎಂಬ ಸ್ಕ್ಯಾನ್ ಮಾಡಿಸುತ್ತಾರೆ. ನಮ್ಮ ದೇಶದಲ್ಲಿ ಹೆಚ್ಚಿನ ಲಿವರ್ ಕಸಿಗಳು ಜೀವಂತ ದಾನಿಗಳಿಂದ ಆಗುವಂಥವು; ಅಂಥ ಕಸಿಯಲ್ಲಿ ಪಿತ್ತನಾಳದ ಜೋಡಣೆ ನಾಜೂಕು, ಅಲ್ಲಿ ತೊಡಕು ಬರುವುದೂ ಹೆಚ್ಚು. ಸಿಎಂವಿ ಮತ್ತು ಹೆಪಟೈಟಿಸ್ ವೈರಸ್‌ಗಳ ರಕ್ತಪರೀಕ್ಷೆ ಇದೆ. ರಕ್ತದಲ್ಲಿ ಟ್ಯಾಕ್ರೊಲಿಮಸ್ ಎಷ್ಟಿದೆ ಎಂದು ನೋಡಬೇಕು. ಆ ರಕ್ತವನ್ನು ಬೆಳಗಿನ ಮಾತ್ರೆ ನುಂಗುವ ಮೊದಲು ಕೊಡಬೇಕು. ನುಂಗಿ ಹೋಗಿ ಕೊಟ್ಟರೆ ಅಂಕಿ ಸುಳ್ಳು ಹೇಳುತ್ತದೆ, ಡಾಕ್ಟರು ಆ ಸುಳ್ಳನ್ನೇ ನಂಬಬೇಕಾಗುತ್ತದೆ.

ಇದೇ ಹೊತ್ತಿನಲ್ಲಿ ನೀನೂ ಬಾಯಿ ಬಿಡಬೇಕು. ಮದುವೆ ಮನೆಯ ಗದ್ದಲದಲ್ಲಿ ಮಾತ್ರೆ ತಪ್ಪಿತೇ? ಹಲ್ಲುನೋವಿಗೆ, ಚರ್ಮದ ಹುಳುಕಡ್ಡಿಗೆ ಮೆಡಿಕಲ್ ಸ್ಟೋರಿನವನು ಏನಾದರೂ ಕೊಟ್ಟನೇ? ಫಂಗಸ್‌ಗೆ ಕೊಡುವ ಫ್ಲುಕೊನಜೋಲ್ ಟ್ಯಾಕ್ರೊಲಿಮಸ್ ಮಟ್ಟವನ್ನು ಏರಿಸುತ್ತದೆ, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ನೆಲಕ್ಕಿಳಿಸುತ್ತದೆ. ಚಕ್ಕೋತವೂ ಆ ಮಟ್ಟವನ್ನು ಏರಿಸಬಲ್ಲದು. ಹಾಗಾಗಿ ದೇವನಹಳ್ಳಿಯ ಚಕ್ಕೋತ ಎಷ್ಟೇ ರುಚಿಯಾಗಿರಲಿ, ಅದು ನಿನ್ನ ತಟ್ಟೆಗಲ್ಲ. ಅಮೃತಬಳ್ಳಿ ಕಷಾಯವನ್ನೂ ಮುಚ್ಚಿಡಬೇಡ. ಕೋವಿಡ್ ಕಾಲದಲ್ಲಿ ಅದನ್ನು ಕುಡಿದ ಕೆಲವರಲ್ಲಿ ಲಿವರ್ ಉರಿಯೂತ ಕಂಡದ್ದನ್ನು 2021ರಲ್ಲಿ ಮುಂಬೈಯ ವೈದ್ಯರು ವರದಿ ಮಾಡಿದರು. ನಿನ್ನ ವಿಷಯದಲ್ಲಂತೂ ಇನ್ನೊಂದು ಗಂಟಿದೆ: ರೋಗನಿರೋಧಕ ಶಕ್ತಿ ತಗ್ಗಿಸಲೆಂದು ಬೆಳಿಗ್ಗೆ ಮಾತ್ರೆ ನುಂಗಿ, ಅದನ್ನೇ ಹೆಚ್ಚಿಸಲೆಂದು ಸಂಜೆ ಕಷಾಯ ಕುಡಿದರೆ ಏನು ಬಂತು? ಬೈಸಿಕೊಂಡರೆ ಒಂದು ನಿಮಿಷದ ಅವಮಾನ. ಮುಚ್ಚಿಟ್ಟರೆ ಬೇಡದ ಬಯಾಪ್ಸಿ, ಬೇಡದ ಸ್ಟೀರಾಯ್ಡ್.

ಇಷ್ಟೆಲ್ಲ ನೋಡಿದ ಮೇಲೂ ಕಾರಣ ಸಿಗದಿದ್ದರೆ ಸೂಜಿಯ ಸರದಿ. ಪಕ್ಕೆಯ ಚರ್ಮಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಲ್ಟ್ರಾಸೌಂಡಿನಲ್ಲಿ ದಾರಿ ನೋಡಿ, ಉಸಿರು ಹಿಡಿಯಲು ಹೇಳಿ ಸೂಜಿ ಹಾಕುತ್ತಾರೆ. ಲಿವರಿನೊಳಗೆ ಸೂಜಿ ಇರುವುದು ಕ್ಷಣಮಾತ್ರ. 1958ರಲ್ಲಿ ಇಟಲಿಯ ಮೆಂಘಿನಿ ಒಂದೇ ಸೆಕೆಂಡಿನ ವಿಧಾನ ತೋರಿಸಿಕೊಟ್ಟ ಮೇಲೆಯೇ ಈ ಪರೀಕ್ಷೆ ಎಲ್ಲ ಕಡೆ ಹರಡಿದ್ದು. ಹೊರಬರುವುದು ಎರಡು ಸೆಂಟಿಮೀಟರ್ ಆಸುಪಾಸಿನ, ದಾರದಂಥ ಎಳೆ. ಪೆಥಾಲಜಿಸ್ಟ್ ಅದರಲ್ಲಿ ಮುಖ್ಯವಾಗಿ ಮೂರು ಗುರುತು ನೋಡುತ್ತಾರೆ: ರಕ್ತನಾಳ, ಪಿತ್ತನಾಳಗಳು ಜೊತೆಯಾಗಿ ಸಾಗುವ ಜಾಗದಲ್ಲಿ ಉರಿಯೂತದ ಕಣಗಳು ಮುತ್ತಿವೆಯೇ, ಸಣ್ಣ ಪಿತ್ತನಾಳಗಳಿಗೆ ಪೆಟ್ಟಾಗಿದೆಯೇ, ಅಭಿಧಮನಿಗಳ ಒಳಪದರ ಊದಿದೆಯೇ. ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ, ಒಟ್ಟು 9. ಕೆನಡಾದ ಬ್ಯಾನ್ಫ್ ಊರಿನ ಹೆಸರಿನಲ್ಲಿರುವ ಈ ಅಳತೆ 1997ರಲ್ಲಿ ಲಿವರಿಗೆ ಬಂತು. ಬೆಂಗಳೂರಿನ ರಿಪೋರ್ಟನ್ನು ಲಂಡನ್ನಿನ ಡಾಕ್ಟರೂ ಒಂದೇ ಅರ್ಥದಲ್ಲಿ ಓದಬಲ್ಲದ್ದು ಇದರಿಂದ. ಫೈಬ್ರೋಸ್ಕ್ಯಾನ್ ಮಾಡಿಸಿದರೆ ಸಾಲದೇ ಎಂದು ನಿನ್ನ ಅಣ್ಣ ಕೇಳಿದನಂತೆ. ಅದು ಲಿವರ್ ಎಷ್ಟು ಗಡುಸಾಗಿದೆ ಎಂದು ಹೇಳುತ್ತದೆ, ಯಾಕೆ ಗಡುಸಾಯಿತು ಎಂದು ಹೇಳುವುದಿಲ್ಲ. ರಿಜೆಕ್ಷನ್ ಹೌದೋ ಅಲ್ಲವೋ ಎಂದು ಅದರಿಂದ ತೀರ್ಮಾನಿಸಲಾಗದು.

ಬಯಾಪ್ಸಿಗೂ ಮಿತಿಯಿದೆ. ಒಂದು ಅಗುಳು ಹಿಚುಕಿ ಅನ್ನ ಬೆಂದಿದೆ ಎನ್ನಬಹುದು, ಏಕೆಂದರೆ ಪಾತ್ರೆಯಲ್ಲಿ ಬಿಸಿ ಎಲ್ಲ ಕಡೆ ಒಂದೇ ಸಮ. ಲಿವರಿನಲ್ಲಿ ಕಾಯಿಲೆ ಹಾಗೆ ಸಮನಾಗಿ ಹರಡಿರುವುದಿಲ್ಲ, ತೆಗೆದ ಚೂರೋ ಇಡೀ ಲಿವರಿನ ಸುಮಾರು 50,000ದಲ್ಲಿ ಒಂದು ಭಾಗ. ಎಳೆ ಗಿಡ್ಡವಾಗಿದ್ದರೆ, ತುಂಡುತುಂಡಾಗಿದ್ದರೆ ನೋಡುವವರ ಕಣ್ಣಿಗೂ ಮೋಸವಾಗುತ್ತದೆ. ಆದ್ದರಿಂದ ಕಸಿಯಾದ ಲಿವರನ್ನು ನೋಡಿ ಪಳಗಿದ ಪೆಥಾಲಜಿಸ್ಟ್ ಓದುತ್ತಾರೆಯೇ ಎಂದು ಕೇಳುವುದು ಉದ್ಧಟತನವಲ್ಲ. ಸ್ಲೈಡುಗಳು, ಮೇಣದ ಬ್ಲಾಕುಗಳು ಎಲ್ಲಿರುತ್ತವೆ ಎಂದೂ ತಿಳಿದುಕೊ. ಇನ್ನೊಬ್ಬರ ಅಭಿಪ್ರಾಯ ಬೇಕೆನಿಸಿದರೆ ಅವನ್ನೇ ತೋರಿಸಬಹುದು, ಮತ್ತೆ ಚುಚ್ಚಿಸಬೇಕಾಗಿಲ್ಲ.

ಇನ್ನು ಅಪಾಯದ ಲೆಕ್ಕ. ನೋವು ಹೆಚ್ಚಿನವರಿಗೆ ಆಗುತ್ತದೆ, ಪಕ್ಕೆಯಲ್ಲೋ ಬಲ ಭುಜದಲ್ಲೋ. ಭುಜ ನೋಯುವುದು ವಪೆ ಕೆರಳಿದ್ದರಿಂದ, ಹೃದಯದ ತೊಂದರೆಯೇನೋ ಎಂದು ಗಾಬರಿಯಾಗಬೇಡ. ಆಸ್ಪತ್ರೆಯಲ್ಲಿ ಇರಿಸಿಕೊಳ್ಳಬೇಕಾದಷ್ಟು ರಕ್ತಸ್ರಾವ 2,500ರಿಂದ 10,000 ಜನರಲ್ಲಿ ಒಬ್ಬರಿಗೆ, ಸಾವು 10,000ಕ್ಕೆ ಒಂದು ಅಥವಾ ಅದಕ್ಕೂ ಕಡಿಮೆ ಎಂಬುದು ವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ. ಪಿತ್ತ ಸೋರುವುದು, ಶ್ವಾಸಕೋಶಕ್ಕೆ ಸೂಜಿ ತಾಗುವುದು ಅಪರೂಪ. ಇದು ಎಲ್ಲ ಬಗೆಯ ರೋಗಿಗಳನ್ನೂ ಒಟ್ಟಿಗೆ ಹಿಡಿದ ಸರಾಸರಿ. ನಿನ್ನ ಅಪಾಯ ಎಷ್ಟೆಂಬುದು ನಿನ್ನ ಪ್ಲೇಟ್ಲೆಟ್, ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಐಎನ್‌ಆರ್, ಹೊಟ್ಟೆಯಲ್ಲಿ ನೀರಿದೆಯೇ ಇಲ್ಲವೇ ಎಂಬುದನ್ನು ಅವಲಂಬಿಸಿದೆ. ‘ನನ್ನ ಅಂಕಿ ಎಷ್ಟು, ಅದಕ್ಕೆ ಏನರ್ಥ’ ಎಂದು ಬಿಡಿಸಿ ಕೇಳು.

ಕಸಿಯಾದವರಿಗೆ ಮಾತ್ರ ಸೇರಿದ ಕೆಲವು ವಿಷಯಗಳಿವೆ. ನಿನ್ನೊಳಗಿರುವುದು ಅಮ್ಮ ಕೊಟ್ಟ ಲಿವರಿನ ಒಂದು ಭಾಗ. ಬಲಭಾಗವೋ ಎಡಭಾಗವೋ ಎಂಬುದರ ಮೇಲೆ ಸೂಜಿ ಹಾಕುವ ಜಾಗವೇ ಬದಲಾಗುತ್ತದೆ. ಪಿತ್ತನಾಳವನ್ನು ನಿನ್ನ ಹಳೆಯ ನಾಳಕ್ಕೆ ಜೋಡಿಸಿದ್ದಾರೋ ನೇರವಾಗಿ ಕರುಳಿಗೆ ಜೋಡಿಸಿದ್ದಾರೋ ಎಂಬುದೂ ಮುಖ್ಯ. ಕರುಳಿಗೆ ಜೋಡಿಸಿದ್ದರೆ ಅಲ್ಲಿನ ಬ್ಯಾಕ್ಟೀರಿಯಾ ಪಿತ್ತನಾಳಕ್ಕೆ ಸುಲಭವಾಗಿ ಏರುವುದರಿಂದ ಬಯಾಪ್ಸಿಯ ನಂತರ ಸೋಂಕಿನ ಅಪಾಯ ಹೆಚ್ಚು. ಕೆಲವು ಡಾಕ್ಟರು ಮೊದಲೇ ಆ್ಯಂಟಿಬಯೋಟಿಕ್ ಕೊಡುತ್ತಾರೆ. ಆಪರೇಷನ್ ಆದ ಆಸ್ಪತ್ರೆಯಲ್ಲಿ ಅಲ್ಲದೆ ಬೇರೆ ಕಡೆ ಬಯಾಪ್ಸಿ ಮಾಡಿಸುವುದಾದರೆ ಆಪರೇಷನ್ ಟಿಪ್ಪಣಿಯ ಪ್ರತಿ ಕೈಯಲ್ಲಿರಲಿ. ಆಸ್ಪಿರಿನ್ ಇದ್ದರೆ ಹೇಳು, ಆದರೆ ನೀನಾಗಿ ನಿಲ್ಲಿಸಬೇಡ. ಲಿವರಿನ ಅಪಧಮನಿಯಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದೇ ಅದನ್ನು ಕೊಟ್ಟಿರಬಹುದು. ಎಂದು ನಿಲ್ಲಿಸಬೇಕು, ಎಂದು ಮತ್ತೆ ಶುರುಮಾಡಬೇಕು ಎಂಬುದನ್ನು ಅವರೇ ಹೇಳಲಿ.

ರಕ್ತ ಹೆಪ್ಪುಗಟ್ಟುವುದು ಸರಿಯಿಲ್ಲದಿದ್ದರೆ, ಹೊಟ್ಟೆಯಲ್ಲಿ ನೀರಿದ್ದರೆ ಕತ್ತಿನ ಅಭಿಧಮನಿಯಿಂದ ಕೊಳವೆ ಇಳಿಸಿ ಲಿವರಿನ ಒಳಗಿನಿಂದಲೇ ಚೂರು ತೆಗೆಯುವ ದಾರಿಯೂ ಇದೆ. ರಕ್ತ ಒಸರಿದರೂ ಅದು ಹೊಟ್ಟೆಗೆ ಹರಿಯದೆ ಬಹುಪಾಲು ಅಭಿಧಮನಿಗೇ ಮರಳುತ್ತದೆ. ಚೂರು ಸ್ವಲ್ಪ ಚಿಕ್ಕದಾಗಿರುತ್ತದೆ, ಖರ್ಚು ಹೆಚ್ಚು. ಯಾವುದು ನಿನಗೆ ಹೊಂದುತ್ತದೆ ಎಂದು ಕೇಳುವ ಹಕ್ಕು ನಿನಗಿದೆ.

ಮಾಡಿಸಿಕೊಂಡ ದಿನ ಧೈರ್ಯ ತೋರಿಸುವ ದಿನವಲ್ಲ. ತೊಡಕುಗಳು ಬಂದರೆ ಹೆಚ್ಚಿನವು ಮೊದಲ ಕೆಲವು ಗಂಟೆಗಳಲ್ಲಿ, ಬಹುತೇಕ ಎಲ್ಲವೂ 24 ಗಂಟೆಯೊಳಗೆ ಬರುತ್ತವೆ. ಸಂಜೆ ಬಿಟ್ಟರು ಎಂದು ರಾತ್ರಿ ಬಸ್ಸು ಹತ್ತಿ ಊರಿಗೆ ಹೊರಡಬೇಡ. ಆಸ್ಪತ್ರೆಗೆ ಹತ್ತಿರದಲ್ಲಿ ಒಂದು ರಾತ್ರಿ ಉಳಿ, ಜೊತೆಗೊಬ್ಬರಿರಲಿ. ಕಸಿಯಾದ ಲಿವರಿನ ನರಗಳು ಆಪರೇಷನ್ನಿನಲ್ಲಿ ಕಡಿದುಹೋಗಿರುತ್ತವೆ, ನೀನು ನುಂಗುವ ಮಾತ್ರೆಗಳು ಜ್ವರವನ್ನೂ ಅಡಗಿಸಬಲ್ಲವು. ಅಂದರೆ ಬೇರೆಯವರಿಗೆ ದೊಡ್ಡದಾಗಿ ಕೂಗಿ ಹೇಳುವ ಅಪಾಯ ನಿನಗೆ ಸಣ್ಣ ದನಿಯಲ್ಲಿ ಹೇಳೀತು. ನೋವು ಇಳಿಯದೆ ಏರುತ್ತಿದ್ದರೆ, ತಲೆ ಸುತ್ತಿ ಬೆವರಿದರೆ, ಉಸಿರು ಕಟ್ಟಿದರೆ, ಚಳಿ ಹಿಡಿದರೆ, ಮೈ ಸ್ವಲ್ಪವೇ ಬಿಸಿಯಾದರೂ ಅದೇ ಗಳಿಗೆ ತಿಳಿಸು. ಕೆಲವು ದಿನ ಕಳೆದ ಮೇಲೂ ಮಲ ಕಪ್ಪಾದರೆ, ಕಣ್ಣು ಹಳದಿಯಾದರೆ ತಡಮಾಡದೆ ಹೋಗು. ನೋವಿಗೆ ಡಾಕ್ಟರು ಹೇಳಿದಷ್ಟೇ ಪ್ಯಾರಸಿಟಮಾಲ್. ಐಬುಪ್ರೊಫೆನ್‌ನಂಥ ಗುಳಿಗೆ ಟ್ಯಾಕ್ರೊಲಿಮಸ್ ಜೊತೆ ಸೇರಿದರೆ ಕಿಡ್ನಿಗೆ ಪೆಟ್ಟು.

ಏನೂ ತೊಂದರೆಯಿಲ್ಲದಾಗಲೂ ನಿಗದಿತ ವರ್ಷಗಳಿಗೊಮ್ಮೆ ಬಯಾಪ್ಸಿ ಮಾಡುವ ಕ್ರಮ ಕೆಲವು ಕೇಂದ್ರಗಳಲ್ಲಿದೆ, ಕೆಲವು ಕಡೆ ಕೈಬಿಟ್ಟಿದ್ದಾರೆ. ಅದು ಬಂದಾಗ ನನ್ನ ಪ್ರಶ್ನೆ ಇನ್ನೂ ಜೋರಾಗಿ ಕೇಳು. ಆ ಕ್ರಮದಲ್ಲೂ ಸತ್ವವಿದೆ: ರಕ್ತಪರೀಕ್ಷೆ ಎಲ್ಲ ಸರಿಯಿದ್ದರೂ ಒಳಗೆ ಗಾಯದ ಗುರುತು ಬೆಳೆಯುತ್ತಿರುವುದು, ಮುಖ್ಯವಾಗಿ ಮಕ್ಕಳಲ್ಲಿ, ಕಂಡುಬಂದಿದೆ. ಕಿಡ್ನಿ ಸೋಲುತ್ತಿದೆ, ಮಾತ್ರೆ ಕಡಿಮೆ ಮಾಡಬಹುದೇ ಎಂದು ಯೋಚಿಸುವಾಗ ಲಿವರ್ ಎಷ್ಟು ಶಾಂತವಾಗಿದೆ ಎಂದು ನೋಡದೆ ಕೈಹಾಕುವುದು ಸಾಹಸವೇ ಸರಿ. ಅಂಥ ನಿರ್ಧಾರ ಎದುರಿಗಿದ್ದರೆ ಒಪ್ಪಿಕೊ. ‘ಐದು ವರ್ಷವಾಯಿತು, ಒಮ್ಮೆ ನೋಡಿಬಿಡೋಣ’ ಎಂದಷ್ಟೇ ಆದರೆ, ನೋಡಿದ ಮೇಲೆ ಏನು ಮಾಡುವಿರಿ ಎಂದು ಕೇಳಿದ್ದಕ್ಕೆ ಯಾರೂ ಬೇಸರಿಸುವುದಿಲ್ಲ.

ಅಮ್ಮನಿಗೆ ಒಂದು ಮಾತು ನೀನೇ ಹೇಳು. ರಿಪೋರ್ಟಿನಲ್ಲಿ ರಿಜೆಕ್ಷನ್ ಎಂದು ಬಂದರೆ ‘ನಾನು ಕೊಟ್ಟದ್ದು ಅವನಿಗೆ ಹಿಡಿಸಲಿಲ್ಲ’ ಎಂದು ಆಕೆ ಒಳಗೊಳಗೇ ಕೊರಗಿಯಾಳು. ಕೊಟ್ಟವರ ಕೊರತೆಯಲ್ಲ ಅದು. ಹೊರಗಿನದನ್ನು ಗುರುತಿಸಿ ಎದುರಿಸುವುದು ರೋಗನಿರೋಧಕ ಕಣಗಳ ಕೆಲಸ, ಅವು ತಮ್ಮ ಕೆಲಸ ಮಾಡಿವೆ. ಕಸಿಯ ಮೊದಲ ತಿಂಗಳುಗಳಲ್ಲಿ ಇದು ಅನೇಕರಿಗೆ ಬರುತ್ತದೆ, ಬೇಗ ಹಿಡಿದರೆ ಹೆಚ್ಚಿನವರಲ್ಲಿ ಸ್ಟೀರಾಯ್ಡಿಗೆ ಬಗ್ಗುತ್ತದೆ. ತಡವಾಗಿ ಬರುವುದಕ್ಕೆ ಮಾತ್ರೆ ತಪ್ಪಿಸುವುದೇ ದೊಡ್ಡ ಕಾರಣ. ಅದು ನಿನ್ನ ಕೈಯಲ್ಲಿದೆ, ಆಕೆಯ ಕೈಯಲ್ಲಲ್ಲ.

ಡಾಕ್ಟರನ್ನು ನೋಡಲು ಹೋಗುವಾಗ ಮಾತ್ರೆಗಳ ಪಟ್ಟಿ, ಲಿವರಿನ ರಕ್ತಪರೀಕ್ಷೆಯ (ಎಲ್‌ಎಫ್‌ಟಿ) ಹಳೆಯ ರಿಪೋರ್ಟುಗಳು, ಆಪರೇಷನ್ ಟಿಪ್ಪಣಿ ಒಂದೇ ಚೀಲದಲ್ಲಿರಲಿ. ಪ್ರಶ್ನೆ ಕೇಳು, ಉತ್ತರವನ್ನು ಅಲ್ಲೇ ಒಂದು ಚೀಟಿಯಲ್ಲಿ ಬರೆದುಕೊ: ‘ರಿಜೆಕ್ಷನ್ ಎಂದು ಬಂದರೆ ಇದು, ಸೋಂಕು ಎಂದು ಬಂದರೆ ಇದು, ಎರಡೂ ಅಲ್ಲ ಎಂದರೆ ಇದು.’ ಆ ಮೂರೂ ಸಾಲು ತುಂಬಿದರೆ ನಿಶ್ಚಿಂತೆಯಿಂದ ಸಹಿ ಹಾಕು. ತುಂಬದಿದ್ದರೆ ತುಂಬುವ ತನಕ ಮಾತಾಡು. ಆ ಮಾತಿಗೆ ಸಮಯ ಕೊಡದವರ ಬಳಿ ಬಯಾಪ್ಸಿಗಿಂತ ಮೊದಲು ಎರಡನೆಯ ಅಭಿಪ್ರಾಯ ಬೇಕಾದೀತು.