ಗೋಡೆಯ ತೇವ, ಸೋರುವ ನಳ್ಳಿ: ಬಣ್ಣ ಬಳಿಯುವ ಮೊದಲು ನೀರಿನ ದಾರಿ ಹುಡುಕಿ



ಕಳೆದ ಮಾರ್ಚ್‌ನಲ್ಲಿ ವಾಳೆಯ ಮನೆಗಳನ್ನು ಸಂದರ್ಶಿಸುತ್ತಿದ್ದಾಗ ಒಂದು ಮನೆಯ ಒಳಕೋಣೆಯಲ್ಲಿ ಬೂಷ್ಟಿನ ವಾಸನೆ ಮೂಗಿಗೆ ಬಡಿಯಿತು. ಮಂಚದ ಮೇಲೆ ಮನೆಯ ಹಿರಿಯ ತಾಯಿ ಕೆಮ್ಮುತ್ತಾ ಮಲಗಿದ್ದರು. ಅದೇ ಗೋಡೆಗೆ ಒರಗಿಸಿ ಮೂರು ಗೋಣಿ ಕಾಳುಮೆಣಸು ಇಟ್ಟಿದ್ದರು. "ಮಳೆಗಾಲದ ತೇವ ಫಾದರ್, ಎರಡು ಸಲ ಬಣ್ಣ ಬಳಿದೆವು, ನಿಲ್ಲುವುದಿಲ್ಲ" ಎಂದರು ಯಜಮಾನರು. ಆದರೆ ಹೊರಗೆ ಅಂಗಳದ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಮಳೆ ನಿಂತು ತಿಂಗಳುಗಳೇ ಕಳೆದಿದ್ದವು. ಗೋಡೆಯ ಆಚೆ ಬದಿಯಲ್ಲಿ ಬಚ್ಚಲುಮನೆ ಇತ್ತು. ಗೋಡೆಯೊಳಗೆ ಹೂತಿದ್ದ ಪೈಪು ಒಂದು ಸಂದಿನಲ್ಲಿ ಸೋರುತ್ತಿತ್ತು. ಅದನ್ನು ಸರಿಪಡಿಸಲು ಅರ್ಧ ದಿನ ಸಾಕಾಯಿತು. ಅಷ್ಟರಲ್ಲಿ ಒಂದು ಗೋಣಿ ಮೆಣಸು ಬೂಷ್ಟು ಹಿಡಿದು ಹಾಳಾಗಿತ್ತು.

ಆ ಮನೆಯವರನ್ನು ನಾನು ದೂರುವುದಿಲ್ಲ. ನನ್ನ ನಿವಾಸದಲ್ಲೇ ಶೌಚಾಲಯದ ಫ್ಲಶ್ ಟ್ಯಾಂಕಿ ತಿಂಗಳುಗಟ್ಟಲೆ ಸೋರುತ್ತಿದ್ದರೂ ತಿಳಿಯದೆ, ಬಾವಿಯಲ್ಲಿ ನೀರು ಕಡಿಮೆಯಾಯಿತೆಂದು ನಾನು ಮಳೆಯನ್ನು ದೂರುತ್ತಿದ್ದೆ. ಈ ಎರಡು ಅನುಭವಗಳಿಂದ ಕಲಿತ ಪಾಠವನ್ನು ಈ ಸಲ ನಿಮ್ಮ ಮುಂದಿಡುತ್ತೇನೆ.

ನಮ್ಮ ಮನೆಗಳೇಕೆ ತೇವ ಹೀರುತ್ತವೆ?

ನಮ್ಮ ಕಾಸರಗೋಡು ಸೀಮೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ನಮ್ಮ ಗೋಡೆಗಳು ಹೆಚ್ಚಾಗಿ ಮುರಕಲ್ಲಿನವು. ಮುರಕಲ್ಲಿನ ತುಂಬ ಸಣ್ಣ ಸಣ್ಣ ತೂತುಗಳಿರುತ್ತವೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುವಂತೆ ಈ ಕಲ್ಲು ನೀರನ್ನು ಎಳೆದುಕೊಳ್ಳುತ್ತದೆ. ಹಿಂದೆ ಸುಣ್ಣದ ಗಾರೆ ಹಚ್ಚುತ್ತಿದ್ದರು. ಅದರ ಮೂಲಕ ತೇವ ಹೊರಗೆ ಆರಿಹೋಗುತ್ತಿತ್ತು. ಈಗ ಸಿಮೆಂಟು ಮತ್ತು ಹೊಳಪಿನ ಬಣ್ಣ ಬಳಿಯುತ್ತೇವೆ. ಒಳಗಿನ ತೇವಕ್ಕೆ ದಾರಿಯಿಲ್ಲದೆ ಬಣ್ಣ ಗುಳ್ಳೆ ಎದ್ದು ಉದುರುತ್ತದೆ. ಆದ್ದರಿಂದ ಕಾರಣ ತಿಳಿಯದೆ ಬಣ್ಣ ಬಳಿಯುವುದೆಂದರೆ ಗಾಯ ತೊಳೆಯದೆ ಪಟ್ಟಿ ಕಟ್ಟಿದ ಹಾಗೆ.

ತೇವದಲ್ಲಿ ನಾಲ್ಕು ಬಗೆ

1. ನೆಲದಿಂದ ಏರುವ ತೇವ: ಗೋಡೆಯ ಬುಡದಿಂದ ಎರಡು ಮೂರು ಅಡಿ ಎತ್ತರಕ್ಕೆ ಉದ್ದಕ್ಕೂ ಪಟ್ಟಿಯಂತೆ ಕಾಣುತ್ತದೆ. ಬಿಳಿ ಉಪ್ಪು ಹೊರಬರುವುದೂ ಉಂಟು. ಗೋಡೆಗೆ ತಾಗಿಸಿ ಮಣ್ಣು ಏರಿಸಿದ್ದರೆ ತೆಗೆಯಿರಿ. ಮಾಡಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ದಂಬೆ ಕಟ್ಟಿ, ಚರಂಡಿಯನ್ನು ಮನೆಯಿಂದ ದೂರಕ್ಕೆ ಇಳಿಜಾರಾಗಿಸಿ.

2. ಮೇಲಿನಿಂದ ಇಳಿಯುವ ತೇವ: ಮಾಡಿನ ಹತ್ತಿರ ಅಥವಾ ಕಿಟಕಿಯ ಮೂಲೆಯಲ್ಲಿ ಇರುತ್ತದೆ. ಮಳೆ ಬಂದ ಬಳಿಕ ಕಾಣಿಸಿ, ಬಿಸಿಲು ಬಿದ್ದರೆ ಆರುತ್ತದೆ. ಒಡೆದ ಹಂಚು, ಸರಿದ ಹಂಚು, ಎಲೆ ಕಟ್ಟಿದ ದಂಬೆ, ತಾರಸಿಯ ಬಿರುಕು ಇದಕ್ಕೆ ಕಾರಣ.

3. ಪೈಪಿನಿಂದ ಬರುವ ತೇವ: ಒಂದೇ ಕಡೆ ಮಚ್ಚೆಯಾಗಿ ನಿಲ್ಲುತ್ತದೆ. ಏಪ್ರಿಲ್ ಬಿಸಿಲಿಗೂ ಒಣಗದ ಮಚ್ಚೆ ಕಂಡರೆ ಮೊದಲು ಪೈಪನ್ನು ಸಂಶಯಿಸಿ.

4. ಗಾಳಿಯ ತೇವ: ಅಡುಗೆಯ ಹಬೆ, ಒಳಗೆ ಒಣಗಿಸಿದ ಬಟ್ಟೆ, ಮುಚ್ಚಿದ ಕಿಟಕಿ ಇವುಗಳಿಂದ ಉಂಟಾಗುತ್ತದೆ. ಕಪಾಟಿನ ಹಿಂಬದಿಯಲ್ಲಿ ಬೂಷ್ಟು ಕಟ್ಟುವುದು ಇದರ ಗುರುತು. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಟ್ಟು, ದಿನಕ್ಕೆ ಸ್ವಲ್ಪ ಹೊತ್ತಾದರೂ ಎದುರುಬದುರು ಕಿಟಕಿ ತೆರೆಯಿರಿ.

ಸಂಶಯವಿದ್ದರೆ ಒಂದು ಅಂಗೈ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕು ಅಂಚಿಗೂ ಟೇಪು ಅಂಟಿಸಿ. ಎರಡು ದಿನದ ಬಳಿಕ ನೋಡಿ. ಹಾಳೆಯ ಹೊರಮೈಯಲ್ಲಿ ಹನಿ ಇದ್ದರೆ ಗಾಳಿಯ ತೇವ. ಒಳಮೈಯಲ್ಲಿ, ಅಂದರೆ ಗೋಡೆಯ ಬದಿಯಲ್ಲಿ ಹನಿ ಇದ್ದರೆ ಗೋಡೆಯೊಳಗಿಂದ ಬಂದದ್ದು.

ಒಂದು ರಾತ್ರಿಯ ಪರೀಕ್ಷೆ

ಪೈಪು ಸೋರುತ್ತದೆಯೇ ಎಂದು ತಿಳಿಯಲು ಖರ್ಚಿಲ್ಲದ ಉಪಾಯವಿದೆ. ರಾತ್ರಿ ಮಲಗುವ ಮುಂಚೆ ಎಲ್ಲ ನಳ್ಳಿಗಳನ್ನು ಮುಚ್ಚಿ, ಪಂಪು ನಿಲ್ಲಿಸಿ, ಟ್ಯಾಂಕಿಯ ನೀರಿನ ಮಟ್ಟವನ್ನು ಒಂದು ಕೋಲಿನಲ್ಲಿ ಗುರುತಿಸಿ. ಬೆಳಗ್ಗೆ ಯಾರೂ ನೀರು ಮುಟ್ಟುವ ಮೊದಲು ಮತ್ತೆ ಅಳೆಯಿರಿ. ಒಂದು ಮೀಟರ್ ಅಗಲದ ದುಂಡು ಟ್ಯಾಂಕಿಯಲ್ಲಿ ಮಟ್ಟ ಒಂದು ಸೆಂಟಿಮೀಟರ್ ಇಳಿದರೆ ಸುಮಾರು 8 ಲೀಟರ್ ನೀರು ಹೋಯಿತೆಂದು ಲೆಕ್ಕ. ಮರುದಿನ ರಾತ್ರಿ ಟ್ಯಾಂಕಿಯ ಬುಡದ ವಾಲ್ವನ್ನು ಮುಚ್ಚಿ ಮತ್ತೆ ಪರೀಕ್ಷಿಸಿ. ಆಗಲೂ ಇಳಿದರೆ ಟ್ಯಾಂಕಿಯೇ ಸೋರುತ್ತಿದೆ. ಇಳಿಯದಿದ್ದರೆ ದೋಷ ಪೈಪಿನಲ್ಲೋ ನಳ್ಳಿಯಲ್ಲೋ ಇದೆ.

ಫ್ಲಶ್ ಟ್ಯಾಂಕಿಗೆ ಸ್ವಲ್ಪ ಶಾಯಿ ಹಾಕಿ ಅರ್ಧ ಗಂಟೆ ಬಿಡಿ. ಫ್ಲಶ್ ಮಾಡದೆಯೇ ಕೆಳಗೆ ಬಣ್ಣ ಕಂಡರೆ ಒಳಗಿನ ರಬ್ಬರು ಸವೆದಿದೆ. ನನ್ನ ನಿವಾಸದ ದೋಷ ಬಯಲಾದದ್ದು ಹೀಗೆ.

ನಳ್ಳಿಯ ಹನಿಯನ್ನು ಅಲ್ಪವೆಂದು ಬಿಡಬೇಡಿ. ಗಂಟೆಗೆ 200 ಮಿಲಿಲೀಟರಿನ ಒಂದು ಲೋಟ ತುಂಬಿದರೆ ದಿನಕ್ಕೆ 4.8 ಲೀಟರ್, ಡಿಸೆಂಬರ್‌ನಿಂದ ಮೇ ತನಕದ ಆರು ತಿಂಗಳಿಗೆ 860 ಲೀಟರಿಗೂ ಹೆಚ್ಚು. ಬೇಸಗೆಯಲ್ಲಿ ಬಾವಿಯ ತಳ ಕಾಣುವ ನಮಗೆ ಇದು ಸಣ್ಣ ಲೆಕ್ಕವಲ್ಲ.

ನೀವೇ ಮಾಡಬಹುದಾದ ರಿಪೇರಿ

ತಿರುಗಿಸುವ ಹಳೆಯ ಬಗೆಯ ನಳ್ಳಿ ಸೋರಿದರೆ ಹೆಚ್ಚಾಗಿ ವಾಷರ್ ಸವೆದಿರುತ್ತದೆ. ವಾಲ್ವು ಮುಚ್ಚಿ, ನಳ್ಳಿ ತೆರೆದು ಉಳಿದ ನೀರು ಬಸಿಯಿರಿ. ಬಟ್ಟೆ ಸುತ್ತಿ ಸ್ಪ್ಯಾನರಿನಿಂದ ಮೇಲ್ಭಾಗವನ್ನು ಬಿಚ್ಚಿ. ಹಳೆಯ ವಾಷರನ್ನು ಅಂಗಡಿಗೆ ಒಯ್ದು ಅದೇ ಅಳತೆಯದ್ದನ್ನು ತನ್ನಿ. ಸೋರುವ ನಳ್ಳಿಯನ್ನು ಬಲವಾಗಿ ಬಿಗಿಯುವುದು ತಪ್ಪು. ಅದರಿಂದ ವಾಷರ್ ಇನ್ನಷ್ಟು ಕತ್ತರಿಸಿಹೋಗುತ್ತದೆ. ಪೈಪಿನ ಸಂದಿಗೆ ಟೆಫ್ಲಾನ್ ಟೇಪು ಸುತ್ತುವಾಗ ಮರೆಯ ತುದಿ ನಿಮ್ಮ ಕಡೆಗಿರಲಿ. ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಸುತ್ತಿ.

ಮುರಕಲ್ಲಿನ ನೆಲದ ಬಾವಿನೀರು ಸಾಮಾನ್ಯವಾಗಿ ಸ್ವಲ್ಪ ಆಮ್ಲಗುಣದ್ದು. ಅದು ಕಬ್ಬಿಣದ ಪೈಪನ್ನು ಒಳಗಿನಿಂದ ತಿನ್ನುತ್ತದೆ. ಪಿ.ವಿ.ಸಿ. ಪೈಪು ತುಕ್ಕು ಹಿಡಿಯದು, ಆದರೆ ಬಿಸಿಲಿಗೆ ಪೆಡಸಾಗುತ್ತದೆ. ಹೊರಗಿನ ಪೈಪಿಗೆ ಮರೆ ಕಟ್ಟಿ ಅಥವಾ ಬಣ್ಣ ಬಳಿಯಿರಿ.

ಎಚ್ಚರಿಕೆ: ಸ್ವಿಚ್‌ಬೋರ್ಡಿನ ಹತ್ತಿರ ಗೋಡೆ ಒದ್ದೆಯಾಗಿದ್ದರೆ ಮುಟ್ಟಬೇಡಿ. ಮೈನ್ ಸ್ವಿಚ್ ಆರಿಸಿ, ಬಲ್ಲವರನ್ನು ಕರೆಸಿ.

ಆರೋಗ್ಯದ ಮಾತು

ಬೂಷ್ಟಿನ ಸೂಕ್ಷ್ಮ ಕಣಗಳು ಉಸಿರಿನೊಂದಿಗೆ ಒಳಗೆ ಹೋಗಿ ಉಬ್ಬಸ, ಕೆಮ್ಮು, ಸೀನು ಹೆಚ್ಚಿಸುತ್ತವೆ. ಮಕ್ಕಳಿಗೂ ವೃದ್ಧರಿಗೂ ತೊಂದರೆ ಹೆಚ್ಚು. ಬೂಷ್ಟನ್ನು ಒಣ ಪೊರಕೆಯಿಂದ ಗುಡಿಸಬೇಡಿ. ಮೂಗಿಗೆ ಬಟ್ಟೆ ಕಟ್ಟಿ, ಒದ್ದೆ ಬಟ್ಟೆಯಿಂದ ಒರಸಿ. ಬ್ಲೀಚಿಂಗ್ ಪುಡಿಯ ನೀರು ಬಳಸುವುದಾದರೆ ಶೌಚಾಲಯ ತೊಳೆಯುವ ಆಸಿಡ್ ಅದಕ್ಕೆ ಸೇರಕೂಡದು, ವಿಷಗಾಳಿ ಏಳುತ್ತದೆ.

ಪೈಪಿನ ಸೋರಿಕೆಯಿಂದ ನೀರು ಹೊರಗೆ ಹೋಗುವುದಷ್ಟೇ ಅಲ್ಲ, ಹೊರಗಿನ ಕೊಳೆ ಒಳಗೂ ಬರಬಹುದು. ಪಂಪು ನಿಂತು ಒತ್ತಡ ಇಳಿದಾಗ ಚರಂಡಿಯೊಳಗೆ ಹಾದುಹೋಗುವ ಒಡಕು ಪೈಪು ಹೊಲಸನ್ನು ಹೀರಿಕೊಳ್ಳುತ್ತದೆ. ಟೈಫಾಯ್ಡ್, ಕಾಮಾಲೆ ಮನೆಗೆ ಬರುವ ದಾರಿಗಳಲ್ಲಿ ಇದೂ ಒಂದು. ಸೋರಿ ನಿಂತ ಶುದ್ಧ ನೀರಿನಲ್ಲಿ ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ಟ್ಯಾಂಕಿಯ ಮುಚ್ಚಳ, ಬಕೆಟು, ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರಿನ ಚಿಪ್ಪು ಎಲ್ಲವನ್ನೂ ನೋಡಿ ನೀರು ಚೆಲ್ಲಿ.

ಬೆಳೆಯ ಮಾತು

ಕಾಳುಮೆಣಸನ್ನು ತೇವಾಂಶ ಶೇಕಡಾ 10ರಿಂದ 11ಕ್ಕೆ, ಕೊಬ್ಬರಿಯನ್ನು ಶೇಕಡಾ 6ಕ್ಕೆ ಇಳಿಯುವಂತೆ ಒಣಗಿಸಬೇಕು. ಎಷ್ಟು ಒಣಗಿಸಿದರೂ ಒದ್ದೆ ಗೋಡೆಗೆ ತಾಗಿಸಿಟ್ಟರೆ ಗೋಣಿ ಆ ತೇವವನ್ನು ಮತ್ತೆ ಕುಡಿಯುತ್ತದೆ. ಗೋಣಿಗಳನ್ನು ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ ಇಡಿ. ಬೂಷ್ಟು ಹಿಡಿದ ಕೊಬ್ಬರಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು. ಅದು ಯಕೃತ್ತಿಗೆ ಕೆಡುಕು. ಅಂಥದ್ದನ್ನು ದನಕ್ಕೂ ಹಾಕಬೇಡಿ; ವಿಷದ ಅಂಶ ಹಾಲಿಗೆ ಬರುತ್ತದೆ.

ಮಳೆಗೆ ಮೊದಲು ಮನೆಮಂದಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ನಮ್ಮ ಮನೆಯ ತೇವ ನಾಲ್ಕರಲ್ಲಿ ಯಾವ ಬಗೆಯದು?
2. ನೀರು ನಿಲ್ಲಿಸುವ ವಾಲ್ವು ಎಲ್ಲಿದೆ ಎಂದು ಮನೆಯ ಹೆಂಗಸರಿಗೂ ಮಕ್ಕಳಿಗೂ ಗೊತ್ತೇ? ಅದು ಸಲೀಸಾಗಿ ತಿರುಗುತ್ತದೆಯೇ?
3. ದಂಬೆ, ಹಂಚು, ಚರಂಡಿ ಮೇ ತಿಂಗಳೊಳಗೆ ಶುದ್ಧವಾಗಿವೆಯೇ?
4. ಹಿರಿಯರು ಮಲಗುವ ಕೋಣೆಯ ಗೋಡೆಯನ್ನು ಕೈಯಿಟ್ಟು ನೋಡಿ ಎಷ್ಟು ದಿನವಾಯಿತು?

ಕೊನೆಯ ಪ್ರಶ್ನೆಯಿಂದಲೇ ಆರಂಭಿಸಿ. ಮೊದಲು ಹೇಳಿದ ಮನೆಗೆ ಮೇ ತಿಂಗಳಲ್ಲಿ ಮತ್ತೆ ಹೋಗಿದ್ದೆ. ಗೋಡೆ ಒಣಗಿತ್ತು, ಮಂಚ ಕಿಟಕಿಯ ಬದಿಗೆ ಬಂದಿತ್ತು. "ಈಗ ರಾತ್ರಿ ನಿದ್ದೆ ಬರುತ್ತದೆ ಫಾದರ್" ಎಂದರು ಆ ತಾಯಿ.