ರೊಟ್ಟಿ ಆರ್ಡರಿಗೆ ಎರಡು ಕಂಟೇನರ್ ಸಾಕು

ಪ್ರಶ್ನೆ: ಸರ್, ನಮ್ಮದು ಬಾಗಲಕೋಟೆ ಕಡೆ, ಅಪ್ಪ ಗೋವಾದ ವಾಸ್ಕೋದಲ್ಲಿ ಖಾನಾವಳಿ ಇಟ್ಟಿದ್ದಾರೆ. ರೊಟ್ಟಿ ಆರ್ಡರ್ ಬರೆದಿಡಲು ನೋಡ್, ಪೋಸ್ಟ್‌ಗ್ರೆಸ್ ಬಳಸಿ ಸಣ್ಣ ವೆಬ್ ಆ್ಯಪ್ ಮಾಡುತ್ತಿದ್ದೇನೆ. ಹುಬ್ಬಳ್ಳಿಯಲ್ಲಿ ಓದುತ್ತಿರುವ ತಂಗಿಯೂ ಜೊತೆಗಿದ್ದಾಳೆ. ನನ್ನ ಲ್ಯಾಪ್‌ಟಾಪಿನಲ್ಲಿ ಓಡಿದ್ದು ಅವಳದರಲ್ಲಿ ಓಡದು ಎಂದು ಡಾಕರ್ ಹಿಡಿದೆ. ವಾರವಾಯಿತು, ಆ್ಯಪ್ ತೆರೆದರೆ ‘ಕನೆಕ್ಷನ್ ರಿಫ್ಯೂಸ್ಡ್’. ಈ ಕೆಲಸ ನನಗೆ ಒಲಿಯುವುದಿಲ್ಲವೇ?

ಉತ್ತರ: ಒಲಿಯದೆ ಏನು? ನೀವು ಕಳಿಸಿದ ಕಂಪೋಸ್ ಫೈಲ್ ನೋಡಿದೆ. ಎಂಜಿನ್‌ಎಕ್ಸ್ ಇದೆ, ರೆಡಿಸ್ ಇದೆ. ಯಾರದೋ ದೊಡ್ಡ ಕಂಪನಿಯ ಅಡುಗೆಮನೆಯನ್ನು ಖಾನಾವಳಿಗೆ ಹೊತ್ತು ತಂದಿದ್ದೀರಿ! ಅವೆರಡನ್ನೂ ತೆಗೆಯಿರಿ. ಆ್ಯಪ್‌ಗೊಂದು ಕಂಟೇನರ್, ಡೇಟಾಬೇಸಿಗೊಂದು.

ನಿಮ್ಮನ್ನು ವಾರವಿಡೀ ಕಾಡಿದ್ದು ಒಂದೇ ಪದ: ಲೋಕಲ್‌ಹೋಸ್ಟ್. ಪ್ರತಿ ಕಂಟೇನರಿಗೂ ಅದರದೇ ಲೋಕಲ್‌ಹೋಸ್ಟ್ ಇರುತ್ತದೆ. ಆ್ಯಪ್ ಒಳಗಿಂದ ಲೋಕಲ್‌ಹೋಸ್ಟ್ ಎಂದರೆ ಅದು ತನ್ನ ಬಾಗಿಲನ್ನೇ ತಟ್ಟಿಕೊಂಡಂತೆ. ಪೋಸ್ಟ್‌ಗ್ರೆಸ್ ಇರುವುದು ಪಕ್ಕದ ಮನೆಯಲ್ಲಿ. ಆ್ಯಪ್‌ನಲ್ಲಿ ಲೋಕಲ್‌ಹೋಸ್ಟ್ ಎಂದಿರುವ ಜಾಗದಲ್ಲಿ, ಕಂಪೋಸ್ ಫೈಲಿನಲ್ಲಿ ನೀವೇ ಇಟ್ಟ ಸರ್ವಿಸ್ ಹೆಸರು, ಅಂದರೆ ‘ಡಿಬಿ’ ಎಂದು ಬರೆಯಿರಿ. ಪೋರ್ಟ್ 5432 ಇರಲಿ. ನಿಮ್ಮ ಬ್ರೌಸರ್ ಕಂಟೇನರಿನ ಹೊರಗಿದೆ, ಅಲ್ಲಿ ಮಾತ್ರ ಲೋಕಲ್‌ಹೋಸ್ಟ್ ಸರಿ. ಇಷ್ಟಾದರೂ ಶುರುವಿನಲ್ಲಿ ಒಮ್ಮೊಮ್ಮೆ ಅದೇ ದೋಷ ಬಂದರೆ, ಪೋಸ್ಟ್‌ಗ್ರೆಸ್ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ ಎಂದರ್ಥ. ಹೆಲ್ತ್‌ಚೆಕ್ ಹಾಕಿ, ಅದು ಪಾಸಾದ ಮೇಲೆಯೇ ಆ್ಯಪ್ ಏಳುವಂತೆ ಮಾಡಿ. ಬರೀ ‘ಡಿಪೆಂಡ್ಸ್ ಆನ್’ ಎಂದು ಬರೆದರೆ ಅದು ಕಂಟೇನರ್ ಶುರುವಾಗುವುದನ್ನಷ್ಟೇ ಕಾಯುತ್ತದೆ.

ಆರ್ಡರುಗಳ ಡೇಟಾ ಹೆಸರಿಟ್ಟ ವಾಲ್ಯೂಮಿನಲ್ಲಿರಲಿ. ಆಗ ಕಂಟೇನರ್ ಅಳಿಸಿ ಮತ್ತೆ ಕಟ್ಟಿದರೂ ಅದು ಉಳಿಯುತ್ತದೆ. ಆದರೆ ‘ಕಂಪೋಸ್ ಡೌನ್’ ಜೊತೆ ‘ಮೈನಸ್ ವಿ’ ಸೇರಿಸಿದಿರೋ, ವಾಲ್ಯೂಮೂ ಹೋಯಿತು. ನಾನೊಮ್ಮೆ ರಾತ್ರಿ ಹನ್ನೆರಡಕ್ಕೆ ಹಾಗೆ ಮಾಡಿ, ಬೆಳಗಿನವರೆಗೆ ಪರೀಕ್ಷೆಯ ಡೇಟಾ ಮತ್ತೆ ತುಂಬಿದ್ದೇನೆ.

ನಿಮ್ಮದರಲ್ಲಿ ಓಡಿದ್ದು ತಂಗಿಯದರಲ್ಲಿ ಓಡದೆಂಬ ಜಗಳ ‘ಲೇಟೆಸ್ಟ್’ ಎಂಬ ಇಮೇಜ್ ಟ್ಯಾಗಿನಿಂದ ಮತ್ತೆ ಶುರುವಾದೀತು. ನೀವು ಇಂದು ಇಳಿಸಿಕೊಂಡ ‘ಲೇಟೆಸ್ಟ್’ ಅವಳು ಮುಂದಿನ ತಿಂಗಳು ಇಳಿಸಿಕೊಳ್ಳುವ ‘ಲೇಟೆಸ್ಟ್’ ಆಗಿರಬೇಕೆಂದಿಲ್ಲ. ನೋಡ್ 22 ಎಂದು ಅಂಕಿ ಹಾಕಿಯೇ ಬರೆಯಿರಿ. ನಿಮ್ಮ ‘ನೋಡ್ ಮಾಡ್ಯೂಲ್ಸ್’ ಫೋಲ್ಡರನ್ನು ಅವಳಿಗೆ ಕಳಿಸಬೇಡಿ. ವಿಂಡೋಸ್‌ನಲ್ಲಿ ಕಟ್ಟಿದ ಕೆಲವು ಪ್ಯಾಕೇಜುಗಳು ಲಿನಕ್ಸ್ ಕಂಟೇನರಿನಲ್ಲಿ ಓಡುವುದೇ ಇಲ್ಲ.

ಇಬ್ಬರದೂ ವಿಂಡೋಸ್ ಆಗಿದ್ದರೆ, ಕೋಡನ್ನು ಸಿ ಡ್ರೈವಿನಿಂದ ಡಬ್ಲ್ಯುಎಸ್‌ಎಲ್ 2ರ ಲಿನಕ್ಸ್ ಫೋಲ್ಡರಿಗೆ ಸರಿಸಿ, ವೇಗದ ವ್ಯತ್ಯಾಸ ನಿಮಗೇ ತಿಳಿಯುತ್ತದೆ. ಪಾಸ್‌ವರ್ಡ್ ಇರುವ ಫೈಲನ್ನು ಗಿಟ್‌ಗೆ ಸೇರಿಸಬೇಡಿ. ಪಾಸ್‌ವರ್ಡನ್ನು ತಂಗಿಗೆ ಫೋನಿನಲ್ಲೇ ಹೇಳಿ.